ರೇಷ್ಮೆ ಸುಟ್ಟಂಥ ವಾಸನೆ

ನಾನು ಬರೆಯುತ್ತಿರುವ ಈ ಅಕ್ಷರಗಳನ್ನು ನಮ್ಮ ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲ. ಮಾತು ಕನ್ನಡ, ಓದು ತಮಿಳು. ಗಂಡ, ಅತ್ತೆ, ಮಗ, ನಮ್ಮ ಬೀದಿಯ ನೇಯುವವರೆಲ್ಲರದೂ ಇದೇ ಕಥೆ. ನಾನು ಮಾತ್ರ ಕೊಳ್ಳೇಗಾಲದಲ್ಲಿ ಕನ್ನಡ ಶಾಲೆಗೆ ಹೋಗಿ, ಆಮೇಲೆ ಮದುವೆಯಾಗಿ ತಮಿಳುನಾಡಿನ ಈ ಮಡತ್ತುಕುಳಕ್ಕೆ ಬಂದವಳು. ಆದ್ದರಿಂದ ಯಾರ ಹೆದರಿಕೆಯೂ ಇಲ್ಲದೆ ಬರೆಯುತ್ತೇನೆ. ಕಾಲಿಗೆ ಪ್ಲೇಟು ಹಾಕಿಸಿಕೊಂಡು, ಎಲ್ಲ ಸರಿಹೋಯಿತು ಎಂದು ಡಾಕ್ಟರು ಹೇಳಿದ ಮೇಲೂ ನೋವು ನೋವು ಎನ್ನುತ್ತಾ, ಮನೆಯವರ ಬಾಯಲ್ಲಿ ಸೋಮಾರಿ ಎನಿಸಿಕೊಂಡು ಮೂಲೆಯಲ್ಲಿ ಕೂತಿರುವ ಹೆಂಗಸು ಎಲ್ಲಾದರೂ ಇದ್ದರೆ, ಇದು ಅವಳಿಗೆ.

ಬಿದ್ದದ್ದು ಉಡುಮಲೈ ರಸ್ತೆಯಲ್ಲಿ. ನನ್ನ ಗಂಡ ರಾಮಲಿಂಗ ಬೈಕು ಓಡಿಸುತ್ತಿದ್ದರು, ನಾನು ಹಿಂದೆ ಕೂತಿದ್ದೆ, ಮಡಿಲಲ್ಲಿ ಅಂಗಡಿಗೆ ಕೊಡಬೇಕಾದ ರೇಷ್ಮೆ ಸೀರೆಗಳ ಗಂಟು. ಕಾಲುವೆ ದಾಟಿದ ಮೇಲೆ ಆಡೊಂದು ಅಡ್ಡ ಬಂತು. ಇವರು ಬ್ರೇಕ್ ಹಾಕಿದರು. ಬೀಳುವವರು ಯಾರಾದರೂ ಕೈ ಊರುತ್ತಾರೆ. ನಾನು ಗಂಟನ್ನು ಎದೆಗೆ ಅವಚಿಕೊಂಡೆ. ಸೀರೆಗೆ ಒಂದು ಚಿಟಿಕೆ ಮಣ್ಣೂ ತಾಗಲಿಲ್ಲ. ಗಾಡಿ ನನ್ನ ಎಡಗಾಲಿನ ಮೇಲೆ ಬಿತ್ತು. ಮೊಣಕಾಲಿನ ಕೆಳಗೆ ಮೂಳೆ ಲಟಕ್ಕೆಂದದ್ದು ನನಗೇ ಕೇಳಿಸಿತು. ಸುದ್ದಿ ತಿಳಿದ ಅತ್ತೆ ಮೊದಲು ಕೇಳಿದ್ದು ಸೀರೆಯನ್ನೇ. ಆಮೇಲೆ ನಾನು ಸೀರೆ ಉಳಿಸಿದ್ದನ್ನೇ ಹೊಗಳಿಕೆಯಾಗಿ ಊರೆಲ್ಲಾ ಹೇಳಿದರು.

ನೇಯುವವರ ಮನೆಯಲ್ಲಿ ಎಡಗಾಲು ಮುರಿದರೆ ಏನು ಎಂಬುದನ್ನು ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಮ್ಮದು ನೆಲದಲ್ಲಿ ಗುಂಡಿ ತೋಡಿ ಕೂರಿಸಿದ ಮಗ್ಗ. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯಬೇಕು, ಆಗ ಹಾಸಿನ ಉದ್ದೆಳೆಗಳು ಬಾಯಿ ಬಿಡುತ್ತವೆ, ನಡುವೆ ಲಾಳಿ ಓಡುತ್ತದೆ. ಕೈ ಎಷ್ಟೇ ಚುರುಕಾಗಿದ್ದರೂ ಕಾಲಿಲ್ಲದೆ ಒಂದು ಗೆರೆಯೂ ಮುಂದೆ ಹೋಗದು. ಮನೆಯಲ್ಲಿ ಎರಡು ಮಗ್ಗ, ಒಂದು ಇವರದು, ಒಂದು ನನ್ನದು. ಮದುವೆಯಾಗಿ ಬಂದ ಮೇಲೆ ಈ ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳುವಂಥದ್ದು ಏನಾದರೂ ಇದ್ದರೆ ಆ ಗುಂಡಿ ಒಂದೇ. ಅಲ್ಲಿಗೆ ಮತ್ತೆ ಇಳಿಯುತ್ತೇನೋ ಇಲ್ಲವೋ ಎಂಬುದೊಂದೇ ನನ್ನ ತಲೆಯಲ್ಲಿ ಇದ್ದದ್ದು.

ಕೊಯಮತ್ತೂರಿನ ಒಂದು ಆಸ್ಪತ್ರೆಗೆ ಒಯ್ದರು. ಅದರ ಹೆಸರು ಬರೆಯುವುದಿಲ್ಲ, ಅಲ್ಲಿನ ಡಾಕ್ಟರ ಹೆಸರೂ ಬರೆಯುವುದಿಲ್ಲ. ಅವರಿಗೆ ಒಳ್ಳೆಯ ಕೈರಾಶಿ ಎಂದು ನಮ್ಮ ಬೀದಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅಂದರೆ ಅವರು ಮುಟ್ಟಿದ್ದು ವಾಸಿಯಾಗುತ್ತದೆ ಎಂದು. ಅವರು ಎಕ್ಸ್-ರೇ ಫೋಟೋ ನೋಡಿ, ನನ್ನ ಮುಖ ನೋಡದೆ, "ಪ್ಲೇಟ್, ಸ್ಕ್ರೂ. ನಾಳೆ ಮಾಡಿಬಿಡೋಣ" ಎಂದು ತಮಿಳಿನಲ್ಲಿ ಹೇಳಿ ಹೋದರು. ಹೊರಗೆ ಬೆಂಚುಗಳು ತುಂಬಿದ್ದವು. ಅಷ್ಟು ಜನ ಕಾಯುತ್ತಿದ್ದಾರೆಂದರೆ ಒಳ್ಳೆಯ ಡಾಕ್ಟರೇ ಇರಬೇಕು ಎಂದು ನಾವು ಸಮಾಧಾನ ಮಾಡಿಕೊಂಡೆವು. ಅಷ್ಟು ಜನರನ್ನು ಒಬ್ಬನೇ ಮುಗಿಸಬೇಕಾದರೆ ಎಷ್ಟು ಅವಸರ ಮಾಡಬೇಕು ಎಂದು ನಮಗೆ ಹೊಳೆಯಲಿಲ್ಲ.

ಬೆನ್ನಿಗೆ ಸೂಜಿ ಹಾಕಿ ಸೊಂಟದಿಂದ ಕೆಳಗೆ ಮರಗಟ್ಟಿಸಿದರು. ಎದೆಯ ಹತ್ತಿರ ಹಸಿರು ಬಟ್ಟೆ ಅಡ್ಡ ಕಟ್ಟಿದರು. ನನಗೆ ಪೂರ್ತಿ ಎಚ್ಚರ. ಚಳಿಯಿಂದ ಹಲ್ಲು ಕಟಕಟ ಎನ್ನುತ್ತಿತ್ತು. ಬಟ್ಟೆಯ ಆಚೆ ನನ್ನ ಕಾಲನ್ನು ಯಾರೋ ಎಳೆದಾಡುತ್ತಿದ್ದಾರೆ ಎಂಬುದಷ್ಟೇ ಗೊತ್ತು. ಆಮೇಲೆ ಕೊರೆಯುವ ಶಬ್ದ ಶುರುವಾಯಿತು. ಗೋಡೆಗೆ ಮೊಳೆ ಹೊಡೆಯಲು ಕೊರೆಯುತ್ತಾರಲ್ಲ, ಅದೇ ಶಬ್ದ. ಆದರೆ ಅದು ನನ್ನ ಹಲ್ಲಿನವರೆಗೂ ಬರುತ್ತಿತ್ತು. ಜೊತೆಯಲ್ಲಿದ್ದ ಚಿಕ್ಕ ಡಾಕ್ಟರು ಕೇಳಿದರು:

"ಸಾರ್, ಸಲೈನ್ ಊತ್ತಟ್ಟುಮಾ?"

"ಅದೆಲ್ಲಾಂ ವೇಂಡಾಂಪಾ, ಸೀಕ್ಕಿರಂ ಮುಡಿಕ್ಕಣುಂ."

ಉಪ್ಪುನೀರು ಹಾಕಲೇ ಎಂದು ಚಿಕ್ಕ ಡಾಕ್ಟರು, ಬೇಡ, ಬೇಗ ಮುಗಿಸಬೇಕು ಎಂದು ದೊಡ್ಡವರು. ಇಷ್ಟು ತಮಿಳು ನನಗೆ ಚೆನ್ನಾಗಿ ಬರುತ್ತದೆ. ಆ ನೀರು ಯಾಕೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಡ್ರಿಲ್ಲು ಮತ್ತೆ ಓಡಿತು, ಈ ಸಲ ನಿಲ್ಲಲೇ ಇಲ್ಲ, ಅವರು ಒತ್ತುತ್ತಿದ್ದುದರಿಂದ ನನ್ನ ಇಡೀ ಮೈ ಮೇಜಿನ ಮೇಲೆ ಕೆಳಕ್ಕೆ ಜರುಗುತ್ತಿತ್ತು. ಆಗ ವಾಸನೆ ಬಂತು.

ಬೇರೆ ಯಾರಾದರೂ ಅದನ್ನು ಕೂದಲು ಸುಟ್ಟ ವಾಸನೆ ಎನ್ನುತ್ತಿದ್ದರು, ಹೆದರುತ್ತಿದ್ದರು. ನಾನು ಹೆದರಲಿಲ್ಲ. ನಮ್ಮ ಮನೆಗೆ ಸೀರೆ ಕೊಳ್ಳಲು ಬಂದವರು ಇದು ಅಸಲಿ ರೇಷ್ಮೆಯೇ ಎಂದು ಕೇಳಿದರೆ ಅತ್ತೆ ಬಾಯಿ ತೆರೆಯುವುದಿಲ್ಲ. ಸೆರಗಿನ ತುದಿಯಿಂದ ಒಂದೆರಡು ಎಳೆ ಎಳೆದು, ಬೆಂಕಿಕಡ್ಡಿ ಗೀರಿ ತೋರಿಸುತ್ತಾರೆ. ಸುಟ್ಟ ಎಳೆಯನ್ನು ಬಂದವರ ಮೂಗಿನ ಹತ್ತಿರ ಹಿಡಿಯುತ್ತಾರೆ, ಬೂದಿಯನ್ನು ಬೆರಳಲ್ಲಿ ಉಜ್ಜಿ ಪುಡಿ ಮಾಡುತ್ತಾರೆ. ಆ ಕಮಟು ವಾಸನೆ ಬಂದರೆ ಮಾಲು ಶುದ್ಧ, ನೇಯ್ದವರು ಮರ್ಯಾದಸ್ಥರು. ಹುಟ್ಟಿದಾಗಿನಿಂದ ಕೊಳ್ಳೇಗಾಲದಲ್ಲೂ ಇಲ್ಲೂ ಅದನ್ನೇ ಮೂಸಿಕೊಂಡು ಬೆಳೆದ ನನಗೆ ಅದು ನಂಬಿಕೆಯ ವಾಸನೆ. ಆ ಚಳಿಯಲ್ಲಿ, ಆ ಲೈಟುಗಳ ಕೆಳಗೆ, ಅದು ಮೂಗಿಗೆ ಬಡಿದಾಗ ನನಗೆ ನಿಜವಾಗಿ ಸಮಾಧಾನವಾಯಿತು. "ಪಟ್ಟು ವಾಸನೆ" ಎಂದೆ. ತಲೆಯ ಹತ್ತಿರ ಇದ್ದ ನರ್ಸಮ್ಮ ನಕ್ಕು, "ಇಂಗೇಯುಂ ಪಟ್ಟಾಮ್ಮಾ? ತೂಂಗುಂಗ" ಎಂದರು. ಇಲ್ಲಿಯೂ ರೇಷ್ಮೆಯಾ, ನಿದ್ದೆ ಮಾಡಿ ಎಂದು. ನಾನು ಕಣ್ಣು ಮುಚ್ಚಿದೆ.

ಮಾರನೆಯ ದಿನ ವಾರ್ಡಿಗೆ ಬಂದ ಅತ್ತೆಗೆ ಇದನ್ನು ಹೇಳಿದೆ. ನೋವು ಮರೆಯಲು ಏನೋ ಒಂದು ಮಾತು ಅಂತ ಹೇಳಿದ್ದು. ಅತ್ತೆ ಕೈಯಲ್ಲಿದ್ದ ಕಾಫಿ ಲೋಟವನ್ನು ಹಾಗೇ ಹಿಡಿದು ನಿಂತರು.

"ಶುದ್ದ ಪಟ್ಟು ವಾಸ್ನೆಯಾ? ನಿಜಮಾವೇ?"

"ಹೂಂ ಅತ್ತೆ. ನಮ್ಮ ಮನೇಲಿ ಬರೋ ಹಂಗೇ ಬಂತು."

"ಆಸ್ಪತ್ರಿ ಒಳ್ಗೆ ಪಟ್ಟು ಯಾರ್ ಸುಡ್ತಾರೆ ಕಣ್ಣು? ಅಮ್ಮನೇ ಬಂದು ನಿಂತವ್ಳೆ!"

ಕಣ್ಣು ಎಂಬುದು ಮುದ್ದಿನ ಕರೆ, ಅಮ್ಮ ಎಂದರೆ ನಮ್ಮ ಬೀದಿಯ ಗುಡಿಯ ಚೌಡೇಶ್ವರಿ. ಲೋಟ ಕೆಳಗಿಟ್ಟು ಕೆನ್ನೆ ಕೆನ್ನೆ ಬಡಿದುಕೊಂಡರು. ಸಂಜೆಯ ಬಸ್ಸಿಗೆ ಅವರು ಊರು ಸೇರಿದರು, ನಾನು ಮನೆಗೆ ಬರುವಷ್ಟರಲ್ಲಿ ಕಥೆಗೆ ಕಾಲು ಬಂದಿತ್ತು, ನನ್ನ ಕಾಲಿಗೆ ಇನ್ನೂ ಬಂದಿರಲಿಲ್ಲ. ಆಪರೇಷನ್ ಮಾಡುವ ಕಡೆ ಅಮ್ಮ ರೇಷ್ಮೆ ಉಟ್ಟು ಬಂದಳಂತೆ, ಡಾಕ್ಟರ ಕೈ ಹಿಡಿದಳಂತೆ. ಬೀದಿಯ ಹೆಂಗಸರು ಕುಂಕುಮ ಹಿಡಿದು ನನ್ನನ್ನು ನೋಡಲು ಬಂದರು, ಮಂಚದ ಅಂಚಿಗೆ ಕೂತು ಪಟ್ಟಿ ಸುತ್ತಿದ ಕಾಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಇಷ್ಟು ವರ್ಷ ಕೊಳ್ಳೇಗಾಲದವಳು ಎಂದು ಕರೆಯುತ್ತಿದ್ದವರು ಮಂಜುಳಾ ಎಂದು ಹೆಸರು ಹಿಡಿದು ಕರೆದರು. ಅತ್ತೆಯಂತೂ ಬಾಗಿಲಲ್ಲೇ ನಿಂತು ಬಂದವರಿಗೆಲ್ಲ ಮೊದಲಿನಿಂದ ಹೇಳುವರು. ನನಗೂ ಹಿತವಾಗಿಯೇ ಇತ್ತು, ಯಾಕೆ ಸುಳ್ಳು ಹೇಳಲಿ.

ಹೊಲಿಗೆ ಬಿಚ್ಚಿದ ಮೇಲೆ ನೋವು ಇಳಿಯಬೇಕಿತ್ತು. ಇಳಿಯಲಿಲ್ಲ. ಕಾಲಿನ ಒಳಗೆ ಯಾರೋ ಕೆಂಡ ಇಟ್ಟು ಮರೆತಿದ್ದಾರೆ ಎನ್ನಿಸುತ್ತಿತ್ತು. ಊರುಗೋಲು ಹಿಡಿದು ಹೆಜ್ಜೆ ಇಟ್ಟರೆ ಒಳಗೆ ಏನೋ ಸಣ್ಣಗೆ ಅಲುಗಾಡುತ್ತಿತ್ತು. ಆಮೇಲೆ ಗಾಯದ ಒಂದು ತುದಿ ಕೆಂಪಾಗಿ, ಉಬ್ಬಿ, ಒಡೆದು, ನೀರು ನೀರಾಗಿ ಸೋರಲು ಶುರುವಾಯಿತು. ಬಟ್ಟೆ ಬದಲಾಯಿಸಿದಷ್ಟೂ ಒದ್ದೆ.

ಮತ್ತೆ ಕೊಯಮತ್ತೂರು. ಪೊಳ್ಳಾಚಿ ದಾಟುವವರೆಗೂ ಬಸ್ಸಿನ ಪ್ರತಿ ಕುಲುಕಿಗೂ ನನಗೆ ಪ್ರಾಣ ಹೋಗಿ ಬರುತ್ತಿತ್ತು. ಅದೇ ಬೆಂಚು, ಅದೇ ಜನ. ಟೋಕನ್ ಕರೆಯುವವರೆಗೆ ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಇವರ ತೊಡೆಯ ಮೇಲೆ ಇಟ್ಟುಕೊಂಡೆ. ನಾಲ್ಕು ಜನರ ಮುಂದೆ ಹೆಂಡತಿಯ ಕಾಲು ತೊಡೆಯ ಮೇಲೆ. ಇವರು ಮುಖ ಕೆಂಪಗೆ ಮಾಡಿಕೊಂಡು ಗೋಡೆಯ ಟಿವಿ ನೋಡುತ್ತಾ ಕೂತರು, ಆದರೆ ಕಾಲನ್ನು ಕೆಳಗೆ ಇಳಿಸಲಿಲ್ಲ. ಆ ಒಂದು ಹೊತ್ತಿಗಾಗಿ ಇವರ ಮೇಲಿನ ಎಷ್ಟೋ ಸಿಟ್ಟನ್ನು ನಾನು ನುಂಗಿಕೊಂಡಿದ್ದೇನೆ.

ಡಾಕ್ಟರು ಪಟ್ಟಿ ಪೂರ್ತಿ ಬಿಚ್ಚಿಸಲಿಲ್ಲ. "ಕಾಲು ಊರಿ ನಡೆದಿದ್ದೀಯ" ಎಂದರು.

"ಇಲ್ಲ ಸಾರ್. ನೀವು ಹೇಳಿದ ಹಾಗೇ ಇದ್ದೇನೆ."

"ಎಲ್ಲರೂ ಇದನ್ನೇ ಹೇಳ್ತಾರಮ್ಮಾ. ಮನೆಗೆ ಹೋದರೆ ಅಡುಗೆ, ನೀರು, ಮಗ್ಗ." ಮಾತ್ರೆ ಬರೆದರು. ಇವರ ಕಡೆ ತಿರುಗಿ, "ಸ್ವಲ್ಪ ಕಟ್ಟುನಿಟ್ಟಾಗಿ ನೋಡಿಕೊಳ್ಳಿ" ಎಂದರು. ನನ್ನ ಕಾಲಿನ ಬಗ್ಗೆ ನನ್ನನ್ನು ಬಿಟ್ಟು ಗಂಡನಿಗೆ ಬುದ್ಧಿ ಹೇಳಿದ್ದು ಅದು.

ಆವತ್ತಿನಿಂದ ಮನೆ ನ್ಯಾಯಾಲಯವಾಯಿತು. ನಾನು ಬದನೆಕಾಯಿ ತಿಂದಿದ್ದೆನಂತೆ, ಅದಕ್ಕೇ ಕೀವು. ಬಚ್ಚಲಿಗೆ ಒಬ್ಬಳೇ ಹೋಗಿದ್ದೆನಂತೆ. ಕದ್ದು ಗುಂಡಿಗೆ ಇಳಿದು ನೇಯ್ದಿದ್ದೆನಂತೆ! ಅದನ್ನು ಕೇಳಿ ನಾನು ನಕ್ಕುಬಿಟ್ಟೆ, ಆಮೇಲೆ ಅತ್ತುಬಿಟ್ಟೆ. ಡಾಕ್ಟರ ಕೈಯಲ್ಲಿ ತಪ್ಪಾಗಿರಬಹುದು ಎಂದು ನಾನು ಬಾಯಿ ತೆರೆದರೆ ಸಾಕು, ಅತ್ತೆಯ ಮುಖ ಬದಲಾಗುತ್ತಿತ್ತು.

"ಅಮ್ಮ ಬಂದು ನಿಂತ ಜಾಗ ಮಂಜು ಅದು. ಅಲ್ಲಿ ತಪ್ಪು ನಡೆಯುಮಾ? ಹಂಗೆಲ್ಲ ಪೇಸ್ಬೇಡ. ಬಾಯಿ ಕಟ್ಟು, ಕಾಲು ಕಟ್ಟು, ಎಲ್ಲ ಸರಿ ಹೋಯ್ತದೆ."

ಹಾಗೆಲ್ಲ ಮಾತಾಡಬೇಡ ಎಂದು. ನನ್ನ ಬಾಯಿಂದಲೇ ಹೊರಟ ಒಂದು ಮಾತು ನನ್ನ ಬಾಯನ್ನೇ ಮುಚ್ಚಿತು. ಡಾಕ್ಟರನ್ನು ದೂರಿದರೆ ದೇವರನ್ನು ದೂರಿದಂತೆ. ಇಷ್ಟರ ಮಧ್ಯೆ ಹರಕೆ ಬೇರೆ. ಅಮ್ಮ ಕೊಟ್ಟ ಕಾಲನ್ನು ನಾನು ಜೋಪಾನ ಮಾಡಲಿಲ್ಲವೆಂದು ಪೂಜಾರಿಯ ಹತ್ತಿರ ತಪ್ಪು ಕಾಣಿಕೆ ಹಾಕಿಸಿದರು. ಕುಂಕುಮ ಹಿಡಿದು ಬಂದಿದ್ದ ಹೆಂಗಸರು ಈಗ ಬಾಗಿಲಲ್ಲೇ ನಿಂತು, ಇನ್ನೂ ವಾಸಿಯಾಗಲಿಲ್ಲವಾ ಎಂದು ಕೇಳಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋಗುತ್ತಿದ್ದರು. ರಾತ್ರಿ ಹಗಲು ಜ್ವರ ಬಂದು ಹೋಗುತ್ತಿತ್ತು. ನನಗೆ ಕಾಲಿಗಿಂತ ಹೆಚ್ಚಾಗಿ ತಲೆ ಕೆಡುತ್ತಾ ಬಂತು. ನಿಜವಾಗಿ ನಾನೇ ಏನಾದರೂ ಮಾಡಿಕೊಂಡೆನೋ ಎಂದು ಕೂತು ಯೋಚಿಸುತ್ತಿದ್ದೆ. ಈ ಬರಹ ಓದುವ ಹೆಂಗಸೇ, ನೀನೂ ಅಲ್ಲಿಗೆ ಬಂದು ಮುಟ್ಟಿದ್ದರೆ ಎದ್ದು ಬೇರೆ ಡಾಕ್ಟರ ಹತ್ತಿರ ಹೋಗು.

ನನ್ನನ್ನು ಎಬ್ಬಿಸಿದವನು ಮಗ ಕಾರ್ತಿ. ಅವನು ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಬಟ್ಟೆ ಚೆಕ್ ಮಾಡುವ ಕೆಲಸದಲ್ಲಿದ್ದಾನೆ, ಭಾನುವಾರಕ್ಕೆ ಬರುತ್ತಾನೆ. ಒಂದು ಭಾನುವಾರ ನಾನು ಪಟ್ಟಿ ಬದಲಾಯಿಸುವಾಗ ಒಳಗೆ ಬಂದುಬಿಟ್ಟ. ನೋಡಿದ. ಹೊರಗೆ ಹೋಗಿ ಫೋನಿನಲ್ಲಿ ಯಾರ ಯಾರನ್ನೋ ಕೇಳಿದ. ಸೋಮವಾರ ಅವನು ಕೆಲಸಕ್ಕೆ ಹೋಗಲಿಲ್ಲ, ಕಾರು ತಂದ. ಅತ್ತೆ ಬಾಗಿಲಲ್ಲಿ ಅಡ್ಡ ನಿಂತು ಎಲ್ಲಿಗೆ ಎಂದಾಗ, "ಅಜ್ಜಿ, ಕಾಲು ಅಮ್ಮಂದು. ದೇವ್ರು ನಿಂದು. ನಾನು ಅಮ್ಮನ್ನ ಮಾತ್ರ ಕೂಟ್ಕೊಂಡ್ ಹೋಗ್ತೀನಿ" ಎಂದ. ಹೆತ್ತ ಹೊಟ್ಟೆ ತಣ್ಣಗಾಯಿತು.

ಕೊಯಮತ್ತೂರಿನಲ್ಲೇ ಅವನು ಹುಡುಕಿದ ಈ ಡಾಕ್ಟರು ಹೆಂಗಸು. ವಯಸ್ಸು ನನ್ನಷ್ಟೇ. ಸಣ್ಣ ಆಸ್ಪತ್ರೆ, ಕಾಯುವ ಕಡೆ ಫ್ಯಾನು ಸರಿಯಾಗಿ ತಿರುಗುತ್ತಿರಲಿಲ್ಲ. ಅವರು ನನ್ನ ಪಟ್ಟಿಯನ್ನು ತಾವೇ ಬಿಚ್ಚಿದರು, ಮೂಗು ಮುಚ್ಚಲಿಲ್ಲ. ಹೊಸ ಫೋಟೋ ತೆಗೆಸಿ ಬೆಳಕಿಗೆ ಹಿಡಿದರು. ಸ್ಕ್ರೂಗಳು ಬಿಳಿಯಾಗಿ ಕಾಣುತ್ತಿದ್ದವು. ಕೆಲವು ಸ್ಕ್ರೂಗಳ ಸುತ್ತ ಕಪ್ಪು ಉಂಗುರ. ಅದನ್ನೇ ತುಂಬಾ ಹೊತ್ತು ನೋಡಿದರು. ತಮಿಳಿನಲ್ಲೇ ನಮ್ಮ ಮಾತು.

"ಸ್ಕ್ರೂ ಸುತ್ತ ಮೂಳೆ ಸತ್ತಿದೆ. ಸತ್ತ ಮೂಳೆ ಸ್ಕ್ರೂನ ಹಿಡಿಯಲ್ಲ, ಸಡಿಲ ಆಗಿದೆ. ಅಲ್ಲಿ ಕೀವು ಸೇರಿಕೊಂಡಿದೆ."

"ಬದನೆಕಾಯಿಂದಲಾ ಡಾಕ್ಟರ್?" ನನ್ನ ಬಾಯಿಂದ ಬಂದ ಮೊದಲ ಪ್ರಶ್ನೆ ಅದು. ಕಾರ್ತಿ ತಲೆ ತಗ್ಗಿಸಿದ.

ಅವರು ನಗಲಿಲ್ಲ. "ಯಾರು ಹೇಳಿದರು ಹಾಗೆ? ಬದನೆಕಾಯಿ ಎಷ್ಟು ಬೇಕಾದರೂ ತಿನ್ನಿ."

"ಮತ್ತೆ ಯಾಕೆ ಸತ್ತಿತು?"

"ತುಂಬಾ ಕಾರಣ ಇರುತ್ತೆ. ಕೀವೇ ಮೊದಲು ಬಂದಿರಬಹುದು. ಕೊರೆಯುವಾಗ ಕಾವು ಹೆಚ್ಚಾದರೂ ಆಗುತ್ತೆ. ಮೂಳೆಗೆ ಜೀವ ಇದೆಯಲ್ಲ, ತೂತು ಮಾಡುವಾಗ ಉಜ್ಜಿ ಉಜ್ಜಿ ಬಿಸಿಯಾದರೆ ಸುತ್ತ ಬೆಂದುಹೋಗುತ್ತೆ. ಅದಕ್ಕೇ ತಣ್ಣನೆಯ ನೀರು ಬಿಡುತ್ತಾ, ನಿಲ್ಲಿಸಿ ನಿಲ್ಲಿಸಿ ಕೊರೀತೀವಿ. ನಿಮ್ಮದರಲ್ಲಿ ಏನಾಯಿತು ಅಂತ ನಾನು ಹೇಳಕ್ಕಾಗಲ್ಲ, ನಾನು ಅಲ್ಲಿರಲಿಲ್ಲ."

ನಾನು ಅಲ್ಲಿದ್ದೆ. ಕುರ್ಚಿಯ ತೋಳು ಹಿಡಿದುಕೊಂಡು ಹೇಳಿದೆ: ನೀರು ಹಾಕಲೇ ಎಂದು ಕೇಳಿದ್ದು, ಬೇಡ ಎಂದದ್ದು, ನಿಲ್ಲಿಸದೆ ಒತ್ತಿದ್ದು, ವಾಸನೆ. ರೇಷ್ಮೆ ಸುಟ್ಟಂಥ ವಾಸನೆ ಎಂದಾಗ ಅವರು ಪೆನ್ನು ಕೆಳಗಿಟ್ಟರು.

"ಸ್ವಲ್ಪ ವಾಸನೆ ಯಾವಾಗಲೂ ಇರುತ್ತೆ" ಎಂದರು. ಆಮೇಲೆ, "ತುಂಬಾ ಇತ್ತಾ?" ಎಂದರು.

"ಮನೆ ತುಂಬುವಷ್ಟು."

ಅವರು ನನ್ನ ಕೈ ಮೇಲೆ ಕೈ ಇಟ್ಟರು. ಮೊದಲ ಡಾಕ್ಟರ ಬಗ್ಗೆ ಒಂದು ಮಾತೂ ಆಡಲಿಲ್ಲ, ಇವತ್ತಿನವರೆಗೂ ಆಡಿಲ್ಲ. ಡಾಕ್ಟರು ಡಾಕ್ಟರ ನಡುವೆ ಅಂಥದ್ದೊಂದು ಒಪ್ಪಂದ ಇರುತ್ತದೆ ಎಂದು ಕಾಣುತ್ತದೆ. ನನಗೆ ಬೇಕಾದ್ದು ಆ ಕೈಯಲ್ಲಿ ಸಿಕ್ಕಿತು. ಅಮ್ಮ ಬಂದಳೆಂದು ಊರೆಲ್ಲಾ ಕೈ ಮುಗಿದದ್ದು ನನ್ನ ಮೂಳೆ ಬೇಯುವ ವಾಸನೆಗೆ. ಅದನ್ನು ಮೂಸಿ ನಾನು ಸಮಾಧಾನದಿಂದ ಕಣ್ಣು ಮುಚ್ಚಿದ್ದೆ.

ಪ್ಲೇಟು ತೆಗೆದು, ಸತ್ತ ಮೂಳೆಯನ್ನು ಕೆರೆದು ತೆಗೆದು, ಹೊರಗಿನಿಂದ ಉಕ್ಕಿನ ಬಳೆಗಳನ್ನು ಕಾಲಿಗೆ ಕಟ್ಟಿ, ಸಣ್ಣ ಕಂಬಿಗಳನ್ನು ಮೂಳೆಯೊಳಗಿಂದ ಆಚೀಚೆ ಹಾಯಿಸಿದರು. ಈ ಸಲ ನನ್ನನ್ನು ಪೂರ್ತಿ ನಿದ್ದೆ ಮಾಡಿಸಿ ಎಂದು ಬೇಡಿಕೊಂಡಿದ್ದೆ. ಎಚ್ಚರವಾದಾಗ ಪಕ್ಕದ ಹಾಸಿಗೆಯಿಂದ ಒಬ್ಬಾಕೆ ನನ್ನ ಕಾಲಿನ ಆ ಉಕ್ಕಿನ ಪಂಜರವನ್ನೇ ನೋಡುತ್ತಿದ್ದಳು, ಅವಳ ಕಾಲಿಗೂ ಅಂಥದ್ದೇ ಪಂಜರ. ಸೆಲ್ವಿ, ವಾಲ್ಪಾರೈಯ ಟೀ ತೋಟದವಳು, ಅಲ್ಲಿನ ಕೂಲಿಯವರ ಲೈನ್ ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದವಳು. ಕಂಬಿ ಚರ್ಮಕ್ಕೆ ಹೋಗುವ ಕಡೆ ಹೇಗೆ ಒರೆಸಬೇಕು, ಸೀರೆಯನ್ನು ಪಂಜರಕ್ಕೆ ಸಿಕ್ಕದಂತೆ ಹೇಗೆ ಉಡಬೇಕು, ಎಲ್ಲ ಅವಳೇ ತೋರಿಸಿದಳು. "ನೋವಾದರೆ ಕೂಗಕ್ಕಾ, ಇಲ್ಲಿ ಯಾರೂ ಏನೂ ಅನ್ನಲ್ಲ" ಎಂದಳು. ನಾನು ಕೂಗಿದೆ. ಕೂಗಿ ಎಷ್ಟು ಕಾಲವಾಗಿತ್ತು. ಅವಳು ತಂದ ಟೀಪುಡಿಯಲ್ಲಿ ನರ್ಸು ಕಾಯಿಸಿಕೊಟ್ಟ ಟೀ ಕುಡಿದು, ಇಬ್ಬರೂ ಪಂಜರದ ಕಾಲುಗಳನ್ನು ದಿಂಬಿನ ಮೇಲಿಟ್ಟು ನಮ್ಮ ನಮ್ಮ ಅತ್ತೆಯರನ್ನು ಬೈದೆವು. ಆ ಇಡೀ ಕಾಲದಲ್ಲಿ ನನಗೆ ಹೊಟ್ಟೆ ತುಂಬಾ ನಗು ಬಂದದ್ದು ಅಲ್ಲಿ ಮಾತ್ರ.

ಮನೆಗೆ ಬಂದು ಡಾಕ್ಟರಮ್ಮ ಹೇಳಿದ್ದನ್ನು ಅತ್ತೆಗೆ ಹೇಳಿದೆ. ಕಾರ್ತಿಯೂ ಹೇಳಿದ. ಇವರು ಗೋಡೆ ನೋಡುತ್ತಾ ಕೇಳಿದರು. ಅತ್ತೆ ಹೂಕಟ್ಟುವುದನ್ನು ನಿಲ್ಲಿಸಲಿಲ್ಲ.

"ಪೊಯ್ಯಿ" ಎಂದರು. ಸುಳ್ಳು.

"ಸುಳ್ಳಲ್ಲ ಅತ್ತೆ. ನನ್ನ ಮೂಳೆ ಸುಟ್ಟ ವಾಸನೆ ಅದು."

"ಊರೆಲ್ಲಾ ಕೈ ಮುಗ್ದವ್ರೆ. ನಾನೇ ಸೊಲ್ಲೀನಿ ಎಲ್ಲಾರ್ಗೂ. ಈಗ ಅದು ಎಲುಬು ಸುಟ್ಟಿದ್ದು ಅಂತ ಹೋಗಿ ಸೊಲ್ಲಲಾ? ಅಮ್ಮನ ಮೇಲೆ ಪಳಿ ಹಾಕ್ಬೇಡ ಮಂಜು, ನಿಂಗೆ ಒಳ್ಳೇದಾಗಲ್ಲ."

ಅಮ್ಮನ ಮೇಲೆ ಅಪವಾದ ಹೊರಿಸಬೇಡ ಎಂದು. ಅಲ್ಲಿಗೆ ಮುಗಿಯಿತು. ನಾನು ಪಂಜರದ ಕಾಲಿನೊಂದಿಗೆ ತಿಂಗಳುಗಟ್ಟಲೆ ಆ ಮನೆಯಲ್ಲೇ ಕೂತಿದ್ದೆ, ಅತ್ತೆ ಬಂದವರಿಗೆ ಅದೇ ಕಥೆ ಹೇಳುತ್ತಿದ್ದರು. ಕೊನೆಯಲ್ಲಿ ಒಂದು ಸಾಲು ಸೇರಿತ್ತು: ಅಮ್ಮ ವಾಸಿ ಮಾಡಿದ್ದಳು, ಇವಳು ಕೆಡಿಸಿಕೊಂಡಳು. ಇವರು ಒಂದೇ ಒಂದು ಸಲ, "ಬಿಡ್ರೀಮ್ಮಾ ಸಾಕು" ಎಂದದ್ದನ್ನು ಕೇಳಿದೆ. ಅದಕ್ಕಿಂತ ಮುಂದೆ ಇವರಿಗೆ ಬಾಯಿ ಬರಲಿಲ್ಲ.

ಪಂಜರ ಬಿಚ್ಚಿದ ಮೇಲೆ ನಾನು ಒಂದು ಕೆಲಸ ಮಾಡಿದೆ. ಚೆಕಪ್‌ಗೆ ಹೋದವಳು ಕಾರ್ತಿಗೆ ಹೇಳಿ ಮೊದಲನೆಯ ಆಸ್ಪತ್ರೆಗೆ ಕಾರು ತಿರುಗಿಸಿದೆ. ಟೋಕನ್ ತೆಗೆದುಕೊಂಡು ಅದೇ ಬೆಂಚಿನಲ್ಲಿ ಕೂತೆ. ಜಗಳಕ್ಕೆ ಹೋಗಿರಲಿಲ್ಲ. ಹೌದಮ್ಮಾ, ಆವತ್ತು ಅವಸರವಾಯಿತು ಎಂಬ ಒಂದು ಮಾತು ಸಿಕ್ಕರೆ, ಅದನ್ನು ಮನೆಗೆ ಒಯ್ಯಬೇಕೆಂದಿದ್ದೆ. ಡಾಕ್ಟರಿಗೆ ನನ್ನ ಗುರುತು ಸಿಗಲಿಲ್ಲ. ಹೇಳಿದೆ. ಕೇಳಿಸಿಕೊಂಡರು, ಅದನ್ನು ಒಪ್ಪಿಕೊಳ್ಳಬೇಕು, ತಾಳ್ಮೆಯಿಂದಲೇ ಕೇಳಿಸಿಕೊಂಡರು.

"ವಾಸನೆ ಎಲ್ಲರ ಮೂಳೆಗೂ ಬರುತ್ತಮ್ಮಾ" ಎಂದರು. "ಬೇರೆಯವರು ಬಂದು ಕೇಳಲ್ಲ, ನೀವು ಕೇಳ್ತಿದ್ದೀರ. ನಡೀತಿದ್ದೀರಲ್ಲ ಈಗ? ಸಂತೋಷ." ಮೇಜಿನ ಗಂಟೆ ಒತ್ತಿದರು, ಬಾಗಿಲು ತೆರೆಯಿತು, ಊರುಗೋಲಿನ ಒಬ್ಬ ಮುದುಕರು ಒಳಗೆ ಬಂದು ಅವರಿಗೆ ಕೈ ಮುಗಿದರು.

ನಡೆಯುತ್ತೇನೆ, ನಿಜ. ಎಡಗಾಲು ತುಸು ಗಿಡ್ಡ, ಪಾದದ ಕೀಲು ಮಡಚುವುದಿಲ್ಲ. ನೆಲದಲ್ಲಿ ನಡೆಯಬಹುದು, ಬಸ್ಸು ಹತ್ತಬಹುದು. ಗುಂಡಿಗೆ ಇಳಿದು ಹಲಗೆ ತುಳಿಯಲು ಆಗುವುದಿಲ್ಲ. ಇಳಿದು ನೋಡಿದೆ, ಮನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ. ಬಲಗಾಲು ತುಳಿಯಿತು, ಎಡಗಾಲು ಹಲಗೆಯ ಮೇಲೆ ಸುಮ್ಮನೆ ಕೂತಿತು. ಎದ್ದು ಬರುವುದಕ್ಕೂ ಇವರು ಬರುವವರೆಗೆ ಕಾಯಬೇಕಾಯಿತು. ನನ್ನ ಮಗ್ಗದಲ್ಲಿ ಈಗ ಕೂಲಿಗೆ ಬರುವ ಹೆಂಗಸೊಬ್ಬಳು ನೇಯುತ್ತಾಳೆ, ನಾನು ಸ್ಟೂಲಿನ ಮೇಲೆ ಕೂತು ಅವಳಿಗೆ ನೂಲು ಸುತ್ತಿ ಕೊಡುತ್ತೇನೆ. ಒಳ್ಳೆಯವಳೇ ಪಾಪ. ಅವಳ ಕಾಲು ಕಟಕ್ ಕಟಕ್ ಎಂದು ಆಡುವಾಗೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ಇಷ್ಟಾದ ಮೇಲೆ, ಈ ವರ್ಷ, ಅತ್ತೆ ಬಿದ್ದರು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಲು ಬಗ್ಗಿದವರು ಹಾಗೇ ಒಂದು ಪಕ್ಕಕ್ಕೆ ಕುಸಿದರು. ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿದೆ ಎಂದು ಉಡುಮಲೈಯಲ್ಲಿ ಫೋಟೋ ತೆಗೆದವರು ಹೇಳಿದರು. ಕೊಯಮತ್ತೂರಿಗೆ ಒಯ್ಯಲು ಆಂಬುಲೆನ್ಸ್ ಬರುವವರೆಗೆ ಮನೆಗೆ ತಂದು ಮಲಗಿಸಿದೆವು. ಬೀದಿಯೆಲ್ಲಾ ನಮ್ಮ ಹಜಾರದಲ್ಲಿ ಸೇರಿತು. ಎಲ್ಲಿಗೆ ಎಂದು ಯಾರೂ ಕೇಳಲೂ ಇಲ್ಲ.

"ಅಮ್ಮ ಬಂದ ಆಸ್ಪತ್ರಿಗೇ ಸೇರ್ಸುಂಗ" ಎಂದರು ಒಬ್ಬರು. "ಬೇರೆ ಎಲ್ಲಿಗೆ?" ಎಂದರು ಇನ್ನೊಬ್ಬರು. ಅತ್ತೆ ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದರು. ಇವರು ಆಗಲೇ ಫೋನ್ ಹಿಡಿದು ಆ ಆಸ್ಪತ್ರೆಯ ನಂಬರು ಹುಡುಕುತ್ತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಹೇಳಿ ಹೇಳಿ ನನಗೆ ಸಾಕಾಗಿತ್ತು. ಸುಟ್ಟುಕೊಳ್ಳಲಿ ಎಂದು ಮನಸ್ಸಿನಲ್ಲಿ ಒಂದು ಕ್ಷಣ ಬಂತು, ಬಂದದ್ದನ್ನು ಬರೆಯುತ್ತಿದ್ದೇನೆ.

ಆಗ ಅತ್ತೆ ಸೀರೆ ಬದಲಾಯಿಸಬೇಕು, ಎಲ್ಲರೂ ಹೊರಗೆ ಹೋಗಿ ಎಂದರು. ಮಂಜು ಇರಲಿ ಎಂದರು. ಜನ ಹೊರಗೆ ಹೋದರು, ಇವರೂ ಹೋದರು, ನಾನು ಬಾಗಿಲು ಹಾಕಿಕೊಂಡು ಕುಂಟುತ್ತಾ ಮಂಚದ ಹತ್ತಿರ ಬಂದೆ. ಅತ್ತೆ ನನ್ನ ಸೆರಗು ಹಿಡಿದು ಬಗ್ಗಿಸಿದರು. ಬಾಯಿ ನನ್ನ ಕಿವಿಯ ಹತ್ತಿರ ಬಂತು.

"ನಿನ್ ಲೇಡಿ ಡಾಕ್ಟರತ್ರ ಕೂಟ್ಕೊಂಡ್ ಹೋಗು ಕಣ್ಣು. ಅವ ಬೇಡ. ಅವ ಸುಟ್ಬುಡ್ತಾನೆ."

ನಾನು ಹಾಗೇ ಬಗ್ಗಿ ನಿಂತೆ.

"ಬೀದೀಲಿ ಯಾರ್ಗೂ ಸೊಲ್ಬೇಡ" ಎಂದರು. "ಅಲ್ಲಿಗೇ ಹೋದ್ವಿ ಅಂತ ಸೊಲ್ಲು."

ಹಾಗಾದರೆ ಅವರಿಗೆ ಗೊತ್ತಿತ್ತು. ಯಾವಾಗಿನಿಂದ ಎಂದು ಕೇಳಬೇಕೆಂದು ನಾಲಿಗೆ ತುದಿಗೆ ಬಂತು. ಹೂ ಕಟ್ಟುತ್ತಾ ಪೊಯ್ಯಿ ಎಂದರಲ್ಲ, ಆವತ್ತೇ ಗೊತ್ತಿತ್ತೇ? ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ನಾನು ಕೆಡಿಸಿಕೊಂಡೆ ಎಂದು ಹೇಳುವಾಗ ಗೊತ್ತಿತ್ತೇ? ಕೇಳಲಿಲ್ಲ. ನೋವಿಗೆ ಅವರ ತುಟಿ ಬಿಳುಚಿಕೊಂಡಿತ್ತು, ಆ ನೋವು ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಸೀರೆ ಸರಿಮಾಡಿ ಬಾಗಿಲು ತೆರೆದೆ. ಕಾದು ನಿಂತಿದ್ದ ಬೀದಿಗೆ, "ಹೂಂ, ಅಲ್ಲಿಗೇ" ಎಂದೆ. ಇವರ ಕೈಯಿಂದ ಫೋನ್ ತೆಗೆದುಕೊಂಡೆ.

ಆಂಬುಲೆನ್ಸ್ ಪೊಳ್ಳಾಚಿ ದಾಟುವಾಗ ಡ್ರೈವರು ಯಾವ ಆಸ್ಪತ್ರೆ ಎಂದು ಕೇಳಿದ. ನಾನು ಡಾಕ್ಟರಮ್ಮನ ಆಸ್ಪತ್ರೆಯ ಹೆಸರು ಹೇಳಿದೆ. ಅತ್ತೆ ಅದನ್ನು ಕೇಳಿಸಿಕೊಂಡು, ನನ್ನ ಕೈ ಹಿಡಿದು, ನೆಮ್ಮದಿಯಿಂದ ಕಣ್ಣು ಮುಚ್ಚಿದರು. ನನ್ನ ಮೇಲೆ ಅವರಿಗೆ ಎಷ್ಟು ನಂಬಿಕೆ ಇತ್ತು ಎಂಬುದು ಆ ಮುಖದಲ್ಲಿ ನಿಚ್ಚಳವಾಗಿ ಕಾಣುತ್ತಿತ್ತು. ನನಗೆ ಅಳು ಬಂತು, ಸಂತೋಷಕ್ಕಲ್ಲ; ಈ ನಂಬಿಕೆಯನ್ನು ಬೀದಿಗೆ ಅವರು ಎಂದೂ ಹೇಳುವುದಿಲ್ಲ.